ಹೆಣ್ಣಿನ ಕಡೆಯವನು

ಎಂಬತ್ತರ ದಶಕ ಶುರುವಾದ ಹೊಸದರಲ್ಲಿ, ಟಿ. ದಾಸರಹಳ್ಳಿಯ ನಮ್ಮ ಬೀದಿಯ ಮಟ್ಟಿಗೆ ‘ಫಾರಿನ್’ ಎಂದರೆ ಹೋಗುವ ಜಾಗವಾಗಿತ್ತೇ ಹೊರತು, ಅಲ್ಲಿಂದ ಯಾರಾದರೂ ಇಲ್ಲಿಗೆ ಬರಬಹುದು ಎಂದು ಯಾರೂ ಯೋಚಿಸಿರಲಿಲ್ಲ. ಎದುರು ಮನೆಯವರ ಭಾವಮೈದ ಮಸ್ಕತ್ತಿಗೆ ಹೋಗಿದ್ದ. ಅವನು ತಂದುಕೊಟ್ಟ ಟೇಪ್‌ರೆಕಾರ್ಡರಿಗೆ ಕಸೂತಿ ಹಾಕಿದ ಬಟ್ಟೆ ಹೊದಿಸಿ ದೇವರ ಗೂಡಿನ ಪಕ್ಕದಲ್ಲೇ ಇಟ್ಟಿದ್ದರು. ಹೀಗಿರುವಾಗ ಕೀನ್ಯಾ ದೇಶದ ಹುಡುಗನೊಬ್ಬ ಓದುವುದಕ್ಕೆಂದು ಸಮುದ್ರ ದಾಟಿ ಪೀಣ್ಯಕ್ಕೆ ಬಂದಿದ್ದಾನೆ ಎಂದು ಸುದ್ದಿಯಾದಾಗ, ಬೀದಿಗೆ ಮೊದಲು ಅನುಮಾನ ಬಂದದ್ದು ಅವನ ಬುದ್ಧಿಯ ಮೇಲೆ. ಪೀಣ್ಯಕ್ಕೆ ನಾವೇ ಬೇರೆ ದಾರಿಯಿಲ್ಲದೆ ಹೋಗುತ್ತಿದ್ದೆವು.

ಅವನು ಬಂದದ್ದು ಅಚ್ಚು ಮತ್ತು ಹತ್ಯಾರು ತಯಾರಿಸುವ ವಿದ್ಯೆ ಕಲಿಯುವುದಕ್ಕೆ. ಅಲ್ಲಿನ ಸರ್ಕಾರವೇ ಆರಿಸಿ ಕಳಿಸಿತ್ತು. ತರಬೇತಿ ಶಾಲೆಯಲ್ಲಿ ಸೀಟು ಸಿಕ್ಕಿತು, ರೂಮು ಸಿಗಲಿಲ್ಲ. ನಮ್ಮ ಬೀದಿಯಲ್ಲಿ ‘ಬಾಡಿಗೆಗೆ ಇದೆ’ ಎಂಬ ಬೋರ್ಡು ನೇತಾಡುತ್ತಿದ್ದ ಮನೆಗಳೆಲ್ಲ ಅವನು ಬಾಗಿಲು ತಟ್ಟಿದ ಕೂಡಲೇ ಭರ್ತಿಯಾಗಿಬಿಟ್ಟವು. ಒಬ್ಬರು, ‘ಮನೇಲಿ ವಯಸ್ಸಿಗೆ ಬಂದ ಹೆಣ್ಮಗು ಇದೆ’ ಅಂದರು. ಆ ಹೆಣ್ಮಗು ಮೂರನೇ ಕ್ಲಾಸಿನಲ್ಲಿತ್ತು. ಇನ್ನೊಬ್ಬರು, ‘ನಾವು ಸಸ್ಯಾಹಾರಿಗಳಿಗೆ ಮಾತ್ರ ಕೊಡೋದು’ ಅಂದರು. ಭಾನುವಾರ ಅವರ ಮನೆಯ ಮಸಾಲೆಯ ಘಮಲಿಗೆ ಬೀದಿ ನಾಯಿಗಳೆಲ್ಲ ಅವರ ಗೇಟಿನ ಮುಂದೆಯೇ ಮಲಗುತ್ತಿದ್ದವು.

ನಮ್ಮಪ್ಪ ಜಾಲಹಳ್ಳಿ ಕಡೆಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಚಾರ್ಜ್‌ಮನ್ ಆಗಿದ್ದರು. ಹುಡುಗನ ತರಬೇತಿ ಶಾಲೆಯ ಮೇಷ್ಟರೊಬ್ಬರು ಅವರ ಹಳೆಯ ಸ್ನೇಹಿತರು. ಅವರು ಕೇಳಿದಾಗ ಅಪ್ಪನಿಗೆ ಇಲ್ಲ ಅನ್ನುವುದಕ್ಕೆ ಬಾಯಿ ಬರಲಿಲ್ಲ. ಯಾರಿಗೂ ಯಾವುದಕ್ಕೂ ಇಲ್ಲ ಅನ್ನಲು ಅಪ್ಪನಿಗೆ ಬಾಯಿ ಬರುತ್ತಿರಲಿಲ್ಲ. ಅದನ್ನು ಜನ ಒಳ್ಳೆಯತನ ಎನ್ನುತ್ತಿದ್ದರು, ಅಮ್ಮ ಬೇರೆ ಏನೋ ಎನ್ನುತ್ತಿದ್ದಳು. ಅಂತೂ ಹುಡುಗ ನಮ್ಮ ಮಹಡಿಯ ಮೇಲಿನ ಒಂಟಿ ಕೋಣೆಗೆ ಬಂದ. ಅಮ್ಮ ಕಾಫಿ ಕೊಟ್ಟು, ಎಲ್ಲ ಬಾಡಿಗೆದಾರರಿಗೂ ಹೇಳುವ ಮಾತನ್ನೇ ಅವನಿಗೂ ಹೇಳಿದಳು: ‘ನೋಡಪ್ಪ, ನಮಗೆ ಗಂಡುಮಕ್ಕಳಿಲ್ಲ. ನೀನು ಈ ಮನೆ ಮಗ ಅಂತ ತಿಳ್ಕೊ.’ ಹಿಂದೆ ಇದ್ದ ಬ್ಯಾಂಕಿನ ಗುಮಾಸ್ತನಿಗೂ ಇದೇ ಮಾತು ಹೇಳಿ, ನೀರು ಜಾಸ್ತಿ ಸುರೀತಾನೆಂದು ಎರಡೇ ತಿಂಗಳಿಗೆ ಅವನನ್ನು ಬಿಡಿಸಿದ್ದಳು. ಇದು ಮಾತಿನ ಉಪಚಾರವೆಂದು ಗುಮಾಸ್ತನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಅಪ್ಪ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ್ದನ್ನು ಕೇಳಿದ ಈ ಹುಡುಗ ಮಾತ್ರ ಲೋಟ ಕೆಳಗಿಟ್ಟು, ಎದ್ದು ನಿಂತು, ಎರಡೂ ಕೈಯಲ್ಲಿ ಅಮ್ಮನ ಕೈ ಹಿಡಿದು ಕಣ್ಣು ತುಂಬಿಕೊಂಡ. ಅಮ್ಮ ಗಾಬರಿಯಾಗಿ ಇನ್ನೊಂದು ಲೋಟ ಕಾಫಿ ಕೊಟ್ಟಳು.

ಅವನಿಗೆ ನಮ್ಮ ಸಂಸ್ಕೃತಿ ಕಲಿಸುವ ಹೊಣೆಯನ್ನು ಪಕ್ಕದ ಮನೆಯ ಅಂಕಲ್ ತಾವಾಗಿ ಹೊತ್ತುಕೊಂಡರು. ಅಪ್ಪನ ಕಾರ್ಖಾನೆಯಲ್ಲೇ ಲೆಕ್ಕಪತ್ರ ವಿಭಾಗದಲ್ಲಿದ್ದವರು. ಕಾರ್ಖಾನೆಯಲ್ಲಿ ಅವರ ಮಾತನ್ನು ಯಾರೂ ಕೇಳುತ್ತಿರಲಿಲ್ಲ, ಆದ್ದರಿಂದ ಮನೆಗೆ ಬಂದ ಮೇಲೆ ಬಹಳ ಮಾತಾಡುತ್ತಿದ್ದರು. ಸಂಜೆ ಕಾಂಪೌಂಡಿನ ಮೇಲೆ ಅವನನ್ನು ಕೂರಿಸಿಕೊಂಡು, ‘ಇನ್ ಅವರ್ ಕಲ್ಚರ್, ವುಮನ್ ಈಸ್ ಗಾಡೆಸ್. ಲಕ್ಷ್ಮಿ!’ ಎಂದು ಬೆರಳೆತ್ತಿ ಹೇಳುತ್ತಿದ್ದರು. ಅಷ್ಟು ಹೊತ್ತೂ ಆ ಮನೆಯ ಲಕ್ಷ್ಮಿ ಕಾಫಿ ತಟ್ಟೆ ಹಿಡಿದು ಬಾಗಿಲ ಹಿಂದೆ ನಿಂತಿರುತ್ತಿದ್ದರು, ಭಾಷಣ ಮುಗಿಯದೆ ಮುಂದೆ ಬರುವಂತಿರಲಿಲ್ಲ. ಹುಡುಗ ಎಲ್ಲಕ್ಕೂ ಶ್ರದ್ಧೆಯಿಂದ ತಲೆಯಾಡಿಸುತ್ತಿದ್ದ. ನಮ್ಮ ಹಾಗೆ ತಲೆಯಾಡಿಸುವುದನ್ನು ಅವನು ಮೊದಲ ವಾರದಲ್ಲೇ ಕಲಿತಿದ್ದ. ನಮ್ಮ ಹಾಗೆ ತಲೆಯಾಡಿಸಿ ಮರೆತುಬಿಡುವುದನ್ನು ಮಾತ್ರ ಅವನಿಗೆ ಯಾರೂ ಕಲಿಸಲಿಲ್ಲ.

ಊಟದ ವಿಷಯದಲ್ಲಿ ಅವನು ಒದ್ದಾಡುವುದನ್ನು ನೋಡಬೇಕೆಂದು ಬೀದಿಗೆ ಬಹಳ ಆಸೆಯಿತ್ತು. ಮೊದಲ ದಿನ ಅವನ ಮುಂದೆ ರಾಗಿಮುದ್ದೆ ಇಟ್ಟಾಗ ಕಿಟಕಿಯ ಹೊರಗೆ ಮಕ್ಕಳ ಸಂತೆಯೇ ನೆರೆದಿತ್ತು. ಅವನು ಮುದ್ದೆ ನೋಡಿ ತವರಿನವರನ್ನು ಕಂಡ ಹಾಗೆ ನಕ್ಕ. ಅವರ ಊರಲ್ಲೂ ಜೋಳದ ಹಿಟ್ಟಿನದು ಹೀಗೇ ಇರುತ್ತದಂತೆ, ಕೈಯಲ್ಲೇ ಮುರಿದು ತಿನ್ನುತ್ತಾರಂತೆ. ಅಚ್ಚುಕಟ್ಟಾಗಿ ಮುರಿದ, ಸಾರಿನಲ್ಲಿ ಅದ್ದಿದ, ಬಾಯಿಗಿಟ್ಟ, ಅಗಿಯತೊಡಗಿದ. ಬಡಿಸುತ್ತಿದ್ದ ನಮ್ಮಜ್ಜಿ ಕಿರುಚಿದಳು: ‘ಅಯ್ಯೋ, ಅಗೀತವ್ನೆ! ಮುದ್ದೇನ ಅಗೀತವ್ನೆ ಕಣ್ರವ್ವಾ! ನುಂಗ್ಲಾ ಮಗಾ, ನುಂಗು!’ ಪೀಣ್ಯದ ತರಬೇತಿ ಎರಡು ವರ್ಷದ್ದು. ಅಜ್ಜಿಯ ತರಬೇತಿ ಒಂದು ವಾರಕ್ಕೆ ಮುಗಿಯಿತು. ಅಲ್ಲಿಂದಾಚೆಗೆ ಅವನು ಅಜ್ಜಿಯ ಶಿಷ್ಯ. ಕನ್ನಡವನ್ನೂ ಅವಳಿಂದಲೇ ಕಲಿತ. ಹಾಗಾಗಿ ಇಂಗ್ಲಿಷನ್ನು ಪಾದ್ರಿಗಳ ಶಾಲೆಯ ಠೀವಿಯಲ್ಲಿ ಮಾತಾಡುತ್ತಿದ್ದವನು, ಕನ್ನಡಕ್ಕೆ ತಿರುಗಿದ ಕೂಡಲೇ ನಮ್ಮಜ್ಜಿಯ ಹಳ್ಳಿಯ ಗೌಡನಾಗಿಬಿಡುತ್ತಿದ್ದ.

ಅವನು ಫಾರಿನ್ನಿನವನು ಎಂಬುದನ್ನು ಬೀದಿ ಮಾತ್ರ ಮರೆಯಲಿಲ್ಲ. ರಜಕ್ಕೆ ಊರಿಗೆ ಹೋಗಿಬರುವಾಗ ಸೆಂಟು ತಂದುಕೊಡಪ್ಪ ಎಂದು ಒಬ್ಬರು, ವಾಚು ಎಂದು ಇನ್ನೊಬ್ಬರು. ಅವನಿಗೆ ಅರ್ಥವೇ ಆಗುತ್ತಿರಲಿಲ್ಲ. ಅವನ ಲೆಕ್ಕದಲ್ಲಿ ಫಾರಿನ್ನು ನಾವು. ಅವನು ಅಪ್ಪನನ್ನು ಕರೆದುಕೊಂಡು ಹೋಗಿ ಪ್ರೆಶರ್ ಕುಕ್ಕರು ಕೊಂಡ. ‘ನಮ್ಮವ್ವಂಗೆ. ಫಾರಿನ್ ಸಾಮಾನು ಅಂದ್ರೆ ಊರೆಲ್ಲಾ ಬಂದು ನೋಡ್ತಾರೆ’ ಅಂದ. ವಾಚಿಗೆ ಕಾದಿದ್ದವರಿಗೆ ಇದನ್ನು ಕೇಳಿ ಬಹಳ ಅವಮಾನವಾಯಿತು.

ಅಮ್ಮನ ಉಪಚಾರದ ಮಾತನ್ನು ಅವನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಾನೆಂದು ನಮಗೆ ಗೊತ್ತಾಗುತ್ತ ಬಂದದ್ದು ನಿಧಾನಕ್ಕೆ. ಬೀದಿ ನಲ್ಲಿಯಿಂದ ನೀರು ಹೊತ್ತು ತರುತ್ತಿದ್ದ. ಸೀಮೆಎಣ್ಣೆಯ ಸಾಲಿನಲ್ಲಿ ನಮ್ಮ ಡಬ್ಬ ಹಿಡಿದು ನಿಲ್ಲುತ್ತಿದ್ದ. ಅಜ್ಜಿಗೆ ಕಣ್ಣಿನ ಪೊರೆ ತೆಗೆಸಿದಾಗ ಆಸ್ಪತ್ರೆಯ ನೆಲದ ಮೇಲೆ ಮಲಗಿದ್ದವನು ಅವನೇ. ನಾವು ಇದನ್ನೆಲ್ಲ ‘ಪಾಪ, ಒಳ್ಳೆ ಹುಡುಗ’ ಎಂಬ ಖಾತೆಗೆ ಹಾಕಿಕೊಂಡು ಹಾಯಾಗಿದ್ದೆವು. ಮಗನ ಕೆಲಸಗಳಲ್ಲಿ ಮುಖ್ಯವಾದದ್ದನ್ನು ಅವನು ಇನ್ನೂ ಮಾಡಿರಲಿಲ್ಲ.

ಅದಕ್ಕೆ ಅವಕಾಶ ಒದಗಿದ್ದು ನಮ್ಮಕ್ಕನ ಮದುವೆಯ ಮಾತಿನಲ್ಲಿ. ಅಕ್ಕ ಪೀಣ್ಯದ ಒಂದು ಕಾರ್ಖಾನೆಯಲ್ಲಿ ರೇಡಿಯೋದ ಒಳಭಾಗಗಳಿಗೆ ಬೆಸುಗೆ ಹಾಕುತ್ತಿದ್ದಳು. ಡಿಗ್ರಿ ಆಗಿತ್ತು, ಲಕ್ಷಣವಾಗಿದ್ದಳು, ದುಡಿಯುತ್ತಿದ್ದಳು. ಆದರೂ ನೋಡಲು ಬಂದ ಎರಡು ಸಂಬಂಧಗಳು ಉಪ್ಪಿಟ್ಟು ಕೇಸರಿಭಾತು ತಿಂದು ಹೊರಟುಹೋಗಿದ್ದವು. ವಯಸ್ಸು ಇಪ್ಪತ್ತಾರಾಗಿತ್ತು, ಅಪ್ಪ ನಿವೃತ್ತಿಗೆ ಹತ್ತಿರವಾಗಿದ್ದರು. ಅಮ್ಮ ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. ಮೂರನೆಯದು ಆನೇಕಲ್ ಕಡೆಯ ಸಂಬಂಧ. ಹುಡುಗ ಸರ್ಕಾರಿ ಗುಮಾಸ್ತ, ಅವನ ತಂದೆ ನಿವೃತ್ತ ಹೆಡ್‌ಮಾಸ್ಟರು. ಜಾತಕ ಕೂಡಿತ್ತು. ಇದೂ ತಪ್ಪಿದರೆ ಇನ್ನು ಎರಡನೇ ಮದುವೆಯ ಗಂಡುಗಳೇ ಗತಿ ಎಂದು ಅಮ್ಮ ಬಾಯಿಬಿಟ್ಟೇ ಹೇಳಿದಳು. ಅಕ್ಕ ಅದನ್ನು ಕೇಳಿಸಿಕೊಂಡು ಡಬ್ಬಿ ಎತ್ತಿಕೊಂಡು ಕೆಲಸಕ್ಕೆ ಹೋದಳು.

ಈಗ ಪ್ರಶ್ನೆ, ಭಾನುವಾರ ಅವರು ಬಂದಾಗ ಮಹಡಿಯವನನ್ನು ಎಲ್ಲಿ ಅಡಗಿಸುವುದು? ಹೋಗು ಅಂತ ಹೇಳಲು ಅಪ್ಪನಿಗೆ ಬಾಯಿ ಬರಲಿಲ್ಲ. ಆ ಕೆಲಸವನ್ನು ಅಂಕಲ್ ಒಪ್ಪಿಕೊಂಡರು, ನಮ್ಮ ಸಂಸ್ಕೃತಿಗೆ ತಕ್ಕ ಹಾಗೆ ಸುತ್ತಿ ಬಳಸಿ ಹೇಳಿದರು. ‘ಭಾನುವಾರ ಲಾಲ್‌ಬಾಗ್ ನೋಡ್ಕೊಂಡು ಬಾ. ಇಡೀ ದಿನ ಬೇಕಾಗುತ್ತೆ. ಮರಗಳೆಲ್ಲ ಬಹಳ ಹಳೇವು.’ ಮಹಡಿಯ ಹುಡುಗನಿಗೆ ಅಜ್ಜಿಯಿಂದ ವಿಷಯ ಮೊದಲೇ ತಿಳಿದಿತ್ತು. ತನಗೆ ತೊಂದರೆ ಕೊಡಬಾರದೆಂದು ಈ ದೊಡ್ಡ ಮನಸ್ಸಿನ ಜನ ಹೀಗೆ ಹೇಳುತ್ತಿದ್ದಾರೆಂದು ಅವನು ತಿಳಿದುಕೊಂಡ. ಅಂಕಲ್ಲಿನ ಭುಜ ತಟ್ಟಿ, ‘ಅಕ್ಕುನ್ನ ನೋಡಕ್ಕೆ ಬರೋ ದಿನ ನಾನು ಮರ ನೋಡಕ್ಕೋದ್ರೆ ಜನ ಏನಂತಾರೆ?’ ಅಂದನಂತೆ. ಅಂಕಲ್ ಬಂದು ಅಮ್ಮನಿಗೆ, ‘ಎಲ್ಲಾ ಹೇಳಿದೀನಿ, ಅವನಿಗೆ ಅರ್ಥ ಆಗಿದೆ’ ಎಂದು ವರದಿ ಕೊಟ್ಟರು.

ಭಾನುವಾರ ಟ್ಯಾಕ್ಸಿಯಲ್ಲಿ ಬಂದರು. ಹೆಡ್‌ಮಾಸ್ಟರು, ಅವರ ಹೆಂಡತಿ, ಮಧ್ಯದಲ್ಲಿ ಹುಡುಗ. ಅವನ ಮುಖದಲ್ಲಿ ಪರೀಕ್ಷೆ ಬರೆಯಲು ಬಂದವನ ಭಯವೂ ಇತ್ತು, ಪರೀಕ್ಷೆ ಮಾಡಲು ಬಂದವನ ಗತ್ತೂ ಇತ್ತು. ಅಕ್ಕ ತಟ್ಟೆ ತಂದಿಟ್ಟು ನಮಸ್ಕಾರ ಮಾಡಿದಳು. ಹುಡುಗನ ತಾಯಿ ಅವಳ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂರಿಸಿಕೊಂಡರು. ಪ್ರೀತಿಯಿಂದ ಎಂದುಕೊಂಡೆವು. ಆಮೇಲೆ ಆ ಕೈಯನ್ನು ತಿರುಗಿಸಿ, ಬೆರಳು ಬೆರಳೂ ನೋಡಿ, ‘ಇದೇನಮ್ಮಾ ಇಷ್ಟೊಂದು ಕಲೆ?’ ಅಂದರು. ಬೆಸುಗೆಯ ಸುಟ್ಟ ಗುರುತುಗಳವು. ಆ ಕೈ ತರುವ ಸಂಬಳ ಎಷ್ಟೆಂದು ಅವರು ಆಗಲೇ ಕೇಳಿ ತಿಳಿದುಕೊಂಡಿದ್ದರು, ಆದರೆ ಕೈ ಹಿಡಿಸಲಿಲ್ಲ. ಅಕ್ಕ ಕೈ ಎಳೆದುಕೊಂಡು ಸೆರಗಿನಲ್ಲಿ ಸುತ್ತಿಕೊಂಡಳು. ನನಗೆ ಆ ಹೆಂಗಸಿನ ಜಡೆ ಹಿಡಿದು ಎಳೆಯಬೇಕೆನ್ನಿಸಿತು. ಅಪ್ಪ, ‘ಇನ್ನೊಂಚೂರು ಕೇಸರಿಭಾತ್ ಹಾಕ್ಕೊಳ್ಳಿ’ ಅಂದರು.

ಅಷ್ಟರಲ್ಲಿ ಮಹಡಿಯ ಮೆಟ್ಟಿಲಲ್ಲಿ ಹೆಜ್ಜೆ ಸದ್ದಾಯಿತು. ಜರಿಯಂಚಿನ ಪಂಚೆ, ಬಿಳಿ ಅಂಗಿ, ಹೆಗಲ ಮೇಲೆ ಅಪ್ಪನದೇ ಟವೆಲ್ಲು. ಅವನು ಒಳಗೆ ಬಂದು ಹೆಡ್‌ಮಾಸ್ಟರ ಕಾಲು ಮುಟ್ಟಿ ನಮಸ್ಕಾರ ಮಾಡಿ, ಬಾಗಿಲ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಹೆಡ್‌ಮಾಸ್ಟರು ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು. ಅಮ್ಮ, ನಮ್ಮ ಕಡೆಯ ಹಿರಿಯರಾಗಿ ಬಂದು ಕೂತಿದ್ದ ಅಂಕಲ್ ಕಡೆ ನೋಡಿದಳು. ಅಂಕಲ್ ಫ್ಯಾನಿನ ಕಡೆ ನೋಡಿದರು.

ಹೆಡ್‌ಮಾಸ್ಟರು ಸುಧಾರಿಸಿಕೊಂಡು ಮುಖ್ಯ ವಿಷಯಕ್ಕೆ ಬಂದರು. ಬಂದರು ಎಂದರೆ ನೇರವಾಗಿ ಬರಲಿಲ್ಲ. ‘ನೋಡಿ, ನಮಗೇನೂ ಬೇಡ. ದೇವರು ಕೊಟ್ಟಿದ್ದು ಬೇಕಾದಷ್ಟಿದೆ. ಹುಡುಗನ ಆಫೀಸು ಸ್ವಲ್ಪ ದೂರ, ಅಷ್ಟೆ. ಬಸ್ಸಿಗೆ ಕಾಯೋದು, ನಿಂತ್ಕೊಂಡೇ ಹೋಗೋದು. ಒಂದು ಸ್ಕೂಟರ್ ಇಲ್ಲವಲ್ಲ ಅಂತ ನಮ್ಮ ಮನೆಯವರಿಗೆ ಕೊರಗು.’ ಅವರ ಹೆಂಡತಿ ಸೇರಿಸಿದರು: ‘ಇದ್ರೆ ನಿಮ್ಮ ಮಗಳೇ ತಾನೇ ಹಿಂದೆ ಕೂತ್ಕೊಂಡು ಓಡಾಡೋದು?’

ನಮ್ಮ ಕಡೆಯ ಎಲ್ಲರಿಗೂ ಅರ್ಥವಾಯಿತು. ಅಪ್ಪ ನೆಲ ನೋಡುತ್ತ ಕೂತರು. ಸ್ಕೂಟರು ಎಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ ಅದು, ಅಪ್ಪ ಸ್ವತಃ ಕಾರ್ಖಾನೆಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಅವರು ಬಾಯಿ ತೆರೆಯಲಿಲ್ಲ.

ಆಗ ಮಹಡಿಯವನು ಗಂಟಲು ಸರಿಮಾಡಿಕೊಂಡ. ಅವನ ಊರಿನಲ್ಲಿ ಹೆಣ್ಣಿನ ತಂದೆ ಇಂಥ ಹೊತ್ತಿನಲ್ಲಿ ಮಾತಾಡಬಾರದಂತೆ, ಗೌರವವಲ್ಲವಂತೆ. ಮಾತೆಲ್ಲ ಅಣ್ಣತಮ್ಮಂದಿರದು. ಅಪ್ಪ ತುಟಿ ಹೊಲಿದುಕೊಂಡು ಕೂತಿದ್ದನ್ನು ನೋಡಿ, ಇಲ್ಲಿಯೂ ಅದೇ ಪದ್ಧತಿಯೆಂದು ಅವನಿಗೆ ಖಾತ್ರಿಯಾಯಿತು. ಅಣ್ಣತಮ್ಮಂದಿರಿಲ್ಲದ ಈ ಮನೆಯಲ್ಲಿ ಈಗ ಎಲ್ಲರೂ ತನಗೇ ಕಾಯುತ್ತಿದ್ದಾರೆ. ಗಂಡಿನ ಕಡೆಯವರೋ, ಪಾಪ, ತಮ್ಮ ಬಡತನ ಹೇಳಿಕೊಂಡು ನಾಚಿಕೊಂಡಿದ್ದಾರೆ.

‘ಯಜಮಾನ್ರೇ,’ ಅಂದ, ಬಹಳ ಮೆತ್ತಗೆ. ‘ಬ್ಯಾಸರ ಮಾಡ್ಕಬ್ಯಾಡಿ. ಸ್ಕೂಟರ್ ಇಲ್ದಿದ್ರೆ ಇಲ್ಲ. ಗಾಡಿ ಇಲ್ಲ ಅಂತ ಯಾರ್ನೂ ಕೀಳಾಗಿ ನೋಡೋ ಮನೆ ಅಲ್ಲ ಇದು. ನಮ್ಮಕ್ಕುಂಗೆ ಹಸ ಎಷ್ಟು ಕೊಡ್ತೀರ, ಅದೇಳಿ.’

ಹೆಡ್‌ಮಾಸ್ಟರು ಚಮಚ ಕೆಳಗಿಟ್ಟು, ‘ಏನು? ಹಸು ಕೊಡಬೇಕಾ? ನಾವಾ?’ ಅಂದರು.

‘ಊಂ, ನೀವೇ.’

‘ಅಯ್ಯಾ, ನಾವು ಗಂಡಿನ ಕಡೆಯವರು!’

‘ಔದು ಯಜಮಾನ್ರೇ, ಅದಕ್ಕೇ ಕೇಳಿದ್ದು.’

ಹುಡುಗನ ತಾಯಿ ಅಮ್ಮನ ಕಡೆ ತಿರುಗಿ, ‘ಯಾರ್ರೀ ಇವನು?’ ಅಂದರು. ಅಮ್ಮನ ಬಾಯಿಂದ ಮಾತು ಹೊರಡುವ ಮೊದಲು ಅವನೇ ಉತ್ತರ ಕೊಟ್ಟ: ‘ನಾನು ಈ ಮನೆ ಮಗ.’ ಎಲ್ಲರೂ ಅಮ್ಮನ ಮುಖ ನೋಡಿದರು. ಇಲ್ಲ ಎಂದರೆ ತಾನೇ ಆಡಿದ ಮಾತು ಸುಳ್ಳಾಗುತ್ತದೆ, ಹೌದು ಎಂದರೆ ಆನೇಕಲ್ಲಿನಲ್ಲಿ ಏನು ಕಥೆ ಹುಟ್ಟುತ್ತದೋ ದೇವರೇ ಬಲ್ಲ. ಅಮ್ಮ ಕಾಫಿ ತರುತ್ತೇನೆಂದು ಒಳಗೆ ಹೋದಳು. ಕಾಫಿ ಆಗಲೇ ಎಲ್ಲರ ಮುಂದೆಯೂ ಇತ್ತು.

ಅವನು ಪಟ್ಟು ಬಿಡಲಿಲ್ಲ. ಒರಟಾಗಿಯೂ ಮಾತಾಡಲಿಲ್ಲ, ಹಟ ಹಿಡಿದ ಗಿರಾಕಿಗೆ ತಿಳಿಹೇಳುವವನ ಹಾಗೆ ಹೇಳಿದ. ‘ಈ ಅಂಕಲ್ ಯೋಳವ್ರೆ, ಹೆಣ್ಣು ಅಂದ್ರೆ ಲಕ್ಷ್ಮಿ ಅಂತ. ಓದಿರೋ ಹೆಣ್ಣು, ದುಡಿಯೋ ಹೆಣ್ಣು. ಅವ್ಳನ್ನ ಕರ್ಕೊಂಡೋಯ್ತೀರ. ಈ ಅಮ್ಮಂಗೆ ಏನು ಬಿಟ್ಟೋಯ್ತೀರ?’ ಹೆಡ್‌ಮಾಸ್ಟರು ಅಂಕಲ್ ಕಡೆ ಕೆಂಗಣ್ಣು ಬಿಟ್ಟರು. ತಾವು ಹಾಗೆ ಹೇಳಿದ್ದು ಬೇರೆ ಅರ್ಥದಲ್ಲಿ ಎಂದು ಅಂಕಲ್ ತೊದಲಿದರು. ಒಳಗಿನಿಂದ ಅಜ್ಜಿ ನಗುವುದು ಕೇಳಿಸಿತು. ಹುಡುಗನ ತಾಯಿ ಎದ್ದರು, ಅವರು ಎದ್ದದ್ದಕ್ಕೆ ಹುಡುಗ ಎದ್ದ, ಹೆಡ್‌ಮಾಸ್ಟರು ತಟ್ಟೆಯಲ್ಲಿ ಉಳಿದಿದ್ದ ಕೇಸರಿಭಾತು ಮುಗಿಸಿ ಎದ್ದರು. ‘ಊರಿಗೆ ಹೋಗಿ ಕಾಗದ ಬರೀತೀವಿ’ ಎಂದು ಹೊರಟರು. ಕಾಗದವೇನೋ ಬಂತು, ಅಷ್ಟು ಚೆನ್ನಾಗಿ ಕೂಡಿದ್ದ ಜಾತಕ ಈಗ ಕೂಡುವುದಿಲ್ಲವೆಂದು.

ಟ್ಯಾಕ್ಸಿ ತಿರುವು ದಾಟುವ ಮೊದಲೇ ಅಮ್ಮ ಅಳಲು ಶುರುಮಾಡಿದಳು. ‘ಮೂರನೇದೂ ಹೋಯ್ತು. ಅವನನ್ನ ಈಗ್ಲೇ ಖಾಲಿ ಮಾಡಿಸಿ. ಇವತ್ತೇ.’ ಅಂಕಲ್ ಕೂಡ, ‘ನಾನು ಮೊದಲೇ ಅಂದಿದ್ದೆ’ ಅಂದರು. ಅವರು ಏನನ್ನೂ ಅಂದಿರಲಿಲ್ಲ. ಅಪ್ಪ ಜೀವಮಾನದಲ್ಲಿ ಮೊದಲ ಸಲ ಸಿಟ್ಟಿನಿಂದ ಎದ್ದು, ಚಪ್ಪಲಿಯನ್ನೂ ಹಾಕಿಕೊಳ್ಳದೆ ಮಹಡಿ ಹತ್ತಿದರು. ಅಕ್ಕ ಹಿಂದೆಯೇ ಹೋದಳು. ಅವಳ ಹಿಂದೆ ನಾನು.

ಅವನು ಟ್ರಂಕಿನ ಮೇಲೆ ಕೂತು ಟವೆಲ್ಲು ಮಡಿಸುತ್ತಿದ್ದ. ಅಪ್ಪನನ್ನು ನೋಡಿ ಎದ್ದು ಜಾಗ ಕೊಟ್ಟ. ‘ಸಾರ್, ಹೆದ್ರಬ್ಯಾಡಿ. ನಮ್ಮೂರಲ್ಲಿ ಮೊದಲ್ನೇ ಸಲ ಹಿಂಗೇ ಎದ್ದೋಗ್ತಾರೆ. ಅದು ಶಾಸ್ತ್ರ. ತಿರ್ಗಾ ಬತ್ತಾರೆ’ ಎಂದು ಅಪ್ಪನಿಗೇ ಸಮಾಧಾನ ಹೇಳಿದ.

ಅಪ್ಪ ಹೇಳಬೇಕೆಂದು ಬಂದದ್ದು ಅವರ ಬಾಯಲ್ಲೇ ಉಳಿಯಿತು. ಟ್ರಂಕಿನ ಮೇಲೆ ಕೂತುಕೊಂಡರು. ಇದನ್ನು ಯಾಕೆ ಕೇಳುತ್ತಿದ್ದೇನೆಂದು ತಮಗೇ ಗೊತ್ತಿಲ್ಲದವರ ಹಾಗೆ, ‘ಎಷ್ಟು ಕೇಳ್ತಿದ್ದೆ?’ ಅಂದರು.

‘ಮೂವತ್ತು ಅನ್ಕೊಂಡಿದ್ದೆ ಸಾರ್. ಆಮೇಲೆ ನಲವತ್ತು ಮಾಡ್ದೆ.’

‘ಯಾಕೆ?’

‘ಆ ಯಮ್ಮ ಅಕ್ಕುನ್ ಕೈ ತಿರುಗ್ಸಿ ನೋಡುದ್ರಲ್ಲ, ಆವಾಗ. ಅಷ್ಟು ಸುಟ್ಕೊಂಡ್ರೂ ಕೆಲ್ಸ ಬಿಟ್ಟಿಲ್ಲ ಅಂದ್ರೆ ಅದಕ್ಕೆ ಹತ್ತು ಜಾಸ್ತಿ.’

ಬಂದವರೆಲ್ಲ ಬಣ್ಣಕ್ಕಿಷ್ಟು, ಎತ್ತರಕ್ಕಿಷ್ಟು, ವಯಸ್ಸಿಗಿಷ್ಟು ಎಂದು ಕಳೆಯುತ್ತಲೇ ಹೋಗಿದ್ದರು. ಕೂಡಿದವರನ್ನು ನಾವು ಅಲ್ಲಿಯವರೆಗೆ ನೋಡಿರಲಿಲ್ಲ. ನನಗೆ ಅಳು ಬಂತು. ಅಕ್ಕನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ‘ಏನೋ, ನಿಮ್ಮೂರಲ್ಲಿ ಹೆಂಗಸರನ್ನ ಹಸುವಿಗೆ ಮಾರ್ತೀರೇನೋ?’ ಅಂದಳು.

‘ಮಾರೋದಲ್ಲಕ್ಕಾ. ಮಾರುದ್ರೆ ಅವತ್ತೇ ಮುಗೀತದೆ. ಇದು ಮುಗಿಯಾಕಿಲ್ಲ. ನಮ್ಮಪ್ಪ ಇನ್ನೂ ಮೂರು ಬಾಕಿ ಇಟ್ಟವ್ನೆ. ನಮ್ಮವ್ವ ಸಿಟ್ಟು ಬಂದಾಗೆಲ್ಲಾ ಆ ಮೂರು ಹಸೀನ ಮಾತೇ ಎತ್ತೋದು.’ ಆಮೇಲೆ, ನಿಜವಾಗಿಯೂ ತಿಳಿಯದೆ, ಕಲಿಯುವ ಆಸೆಯಿಂದ ಕೇಳಿದ: ‘ಸ್ಕೂಟರ್ ಇಲ್ಲ ಅಂತ ಅವ್ರು ನಾಚ್ಕೊಂಡವ್ರೆ ಅಂದ್ಕೊಂಡಿದ್ದೆ, ಅದುನ್ನ ನೀವು ಕೊಡ್ಬೇಕಂತೆ, ಮೆಟ್ಲತ್ತೋವಾಗ ಅಜ್ಜಿ ಯೋಳುದ್ರು. ಹೆಣ್ಣನ್ನೂ ಕೊಟ್ಟು ಸ್ಕೂಟರ್ರೂ ಕೊಡೋದಾ? ಅದು ಯಾವ ಲೆಕ್ಕ ಅಕ್ಕಾ?’

ಆ ಲೆಕ್ಕವನ್ನು ಅಕ್ಕನ ಡಿಗ್ರಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಅಪ್ಪ ಕಿಟಕಿಯ ಕಡೆ ನೋಡುತ್ತಿದ್ದರು. ಕೆಳಗಿನಿಂದ ಅಮ್ಮ, ‘ಹೇಳಿದ್ರೇನ್ರೀ?’ ಎಂದು ಕೂಗಿದಳು.

ಅಕ್ಕ ಅಪ್ಪನ ಎದುರಿಗೆ ಬಂದು ನಿಂತಳು. ಸೆರಗಿನಿಂದ ಕೈ ಹೊರಗೆ ತೆಗೆದಿದ್ದಳು.

‘ಅಪ್ಪಾ, ಮುಂದಿನ ಸಲ ಯಾರಾದ್ರೂ ನೋಡೋಕೆ ಬಂದ್ರೆ ಇವನೇ ಮಾತಾಡ್ಲಿ. ನೀವು ಸುಮ್ನಿರಿ. ಹೇಗಿದ್ರೂ ಸುಮ್ನೇ ತಾನೇ ಇರ್ತೀರ.’

ಅಪ್ಪ ತಲೆ ತಗ್ಗಿಸಿ, ‘ಹೂಂ’ ಅಂದರು.